ಯಾವ ಶಿರೂರು?

ಶಿರೂರು ಎಂದಷ್ಟೇ ಹೇಳಿ ಸುಮ್ಮನಾದರೆ ಕರಾವಳಿಯಲ್ಲಿ ಯಾರೂ ಬಿಡುವುದಿಲ್ಲ. ಯಾವ ಶಿರೂರು ಎಂದು ಕೇಳಿಯೇ ಕೇಳುತ್ತಾರೆ. ಬೈಂದೂರು ತಾಲ್ಲೂಕಿನ ಶಿರೂರು ಉಡುಪಿ ಜಿಲ್ಲೆಯ ಬಡಗಣ ತುದಿ. ಅಲ್ಲಿಂದ ಮುಂದಕ್ಕೆ ಭಟ್ಕಳ, ಅಂದರೆ ಬೇರೆ ಜಿಲ್ಲೆ. ಅದೇ ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದು ಇನ್ನೂ ಬಡಗಕ್ಕೆ ಹೋದರೆ ಅಂಕೋಲಾ ತಾಲ್ಲೂಕಿನಲ್ಲಿ ಮತ್ತೊಂದು ಶಿರೂರು. 2024ರ ಜುಲೈ 16ರಂದು ಗುಡ್ಡ ಜರಿದು ಹೆದ್ದಾರಿಯ ಮೇಲೂ ಗಂಗಾವಳಿ ನದಿಗೂ ಬಿದ್ದದ್ದು ಅಲ್ಲಿ. ಸ್ವರ್ಣಾ ನದಿಯ ದಂಡೆಯ ಶಿರೂರು ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ಹೆಸರು ಕೊಟ್ಟಿದೆ. ಬಾಗಲಕೋಟೆಯ ಕಡೆ ಹೋದರೆ ಅಲ್ಲೂ ಒಂದು. ಕಂದಾಯ ಇಲಾಖೆಯಂತೂ ಈ ತಂಟೆಯೇ ಬೇಡವೆಂದು 33ನೇ ಶಿರೂರು, 41ನೇ ಶಿರೂರು ಎಂದು ಹೆಸರಿಗೆ ಅಂಕಿ ಹಚ್ಚಿ ಕೂತಿದೆ. ಕಿವಿಗೆ ಇಂಪಲ್ಲ, ಆದರೆ ಆರ್‌ಟಿಸಿ ತಪ್ಪುವುದಿಲ್ಲ. ಕಂಪ್ಯೂಟರ್ ಪ್ರೋಗ್ರಾಮಿನ ಒಳಗೂ ಇದೇ ಪಾಡು. ಸಾವಿರಾರು ಫಂಕ್ಷನ್ನುಗಳು, ಅವಕ್ಕೆ ಬರೆದವರು ಇಟ್ಟ ಹೆಸರುಗಳು, ಒಂದೇ ಹೆಸರು ಹೊತ್ತ ನಾಲ್ಕಾರು ಜನ. ಸಿ ಪ್ಲಸ್ ಪ್ಲಸ್ ಭಾಷೆಯ ಕಂಪೈಲರು ಇವರನ್ನು ಬೇರೆ ಬೇರೆ ಮಾಡಲು ಹೆಸರಿನ ಹಿಂದೆ ಮುಂದೆ ಅಂಕಿ ಅಕ್ಷರಗಳ ಬಾಲಂಗೋಚಿ ಕಟ್ಟುತ್ತದೆ. ಕಂದಾಯ ಇಲಾಖೆ ಮಾಡಿದ್ದೂ ಅದನ್ನೇ. ಇಷ್ಟು ಜತನದಿಂದ ಕಟ್ಟಿದ ಹೆಸರುಗಳನ್ನು, ಪ್ರೋಗ್ರಾಮು ಗಿರಾಕಿಯ ಕೈಸೇರುವ ಮುಂಚೆ, ಸ್ಟ್ರಿಪ್ ಎಂಬ ಪುಟ್ಟ ಆದೇಶವೊಂದು ಕ್ಷಣದಲ್ಲಿ ಕಳಚಿಹಾಕುತ್ತದೆ. ಕಳಚುವುದಕ್ಕೆ ನನ್ನ ತಕರಾರಿಲ್ಲ. ಕಳಚಿದ್ದನ್ನು ಎಲ್ಲಿಡುತ್ತಾರೆ, ಇಡುತ್ತಾರೆಯೇ ಎಂಬುದರ ಬಗ್ಗೆ ಇದೆ. ಅದರಲ್ಲೂ ಜನರ ದುಡ್ಡಿನಲ್ಲಿ ಆಗುವ ಕೆಲಸಗಳಲ್ಲಿ.

ಮೊದಲು, ಕಳಚುವುದು ಏನನ್ನು? ಪ್ರೋಗ್ರಾಮು ಬರೆಯುವಾತ ಬಡ್ಡಿ ಲೆಕ್ಕ ಹಾಕುವ ಭಾಗಕ್ಕೆ ಬಡ್ಡಿ ಎಂದೋ, ಅಸಲು ಇಡುವ ಜಾಗಕ್ಕೆ ಅಸಲು ಎಂದೋ ಹೆಸರಿಡುತ್ತಾನೆ. ಕಂಪೈಲರು ಅದನ್ನು ಯಂತ್ರದ ಸೂಚನೆಗಳಾಗಿ ಮಾಡಿದ ಮೇಲೆ ಪ್ರೊಸೆಸರಿಗೆ ಆ ಹೆಸರುಗಳ ಹಂಗಿಲ್ಲ. ಇಂಥ ವಿಳಾಸಕ್ಕೆ ಹಾರು, ಇಂಥ ವಿಳಾಸದಲ್ಲಿರುವುದನ್ನು ಎತ್ತಿಕೊ ಎಂದರೆ ಸಾಕು. ಆದರೂ ಫೈಲಿನಲ್ಲಿ ಹೆಸರುಗಳು ಎರಡು ಬಗೆಯಲ್ಲಿ ಉಳಿದಿರುತ್ತವೆ. ಒಂದು, ಸಿಂಬಲ್ ಟೇಬಲ್: ಯಾವ ವಿಳಾಸದಿಂದ ಯಾವ ಫಂಕ್ಷನ್ ಶುರುವಾಗುತ್ತದೆ ಎಂಬ ಪಟ್ಟಿ. ಇನ್ನೊಂದು, ಡಿಬಗ್ ಮಾಹಿತಿ: ಈ ಸೂಚನೆ ಯಾವ ಸೋರ್ಸ್ ಫೈಲಿನ ಎಷ್ಟನೇ ಸಾಲಿನಿಂದ ಬಂತು, ಈ ಹೊತ್ತಿನಲ್ಲಿ ಅಸಲು ಎಂಬುದು ಮೆಮೊರಿಯಲ್ಲಿದೆಯೋ ಪ್ರೊಸೆಸರಿನ ರಿಜಿಸ್ಟರಿನಲ್ಲಿದೆಯೋ, ಅದು ಪೂರ್ಣಾಂಕವೋ ದಶಮಾಂಶವೋ, ಎಲ್ಲ. ಲಿನಕ್ಸಿನಲ್ಲಿ ಇದನ್ನು ಡ್ವಾರ್ಫ್ ಎಂಬ ರೂಪದಲ್ಲಿ ಬರೆದಿಡುತ್ತಾರೆ. ಈ ಎರಡನೆಯದು ದೊಡ್ಡ ಹೊಟ್ಟೆಯದು. ದೊಡ್ಡ ಪ್ರೋಗ್ರಾಮುಗಳಲ್ಲಿ ಅದು ಕೆಲಸ ಮಾಡುವ ಭಾಗಕ್ಕಿಂತ ಹಲವು ಪಟ್ಟು ಬೆಳೆದಿರುತ್ತದೆ. ಸ್ಟ್ರಿಪ್ ಆದೇಶ ಹೊಸದೂ ಅಲ್ಲ. 1971ರ ನವೆಂಬರಿನಲ್ಲಿ ಬಂದ ಯುನಿಕ್ಸ್ ಮೊದಲ ಆವೃತ್ತಿಯ ಕೈಪಿಡಿಯಲ್ಲೇ ಅದಕ್ಕೊಂದು ಪುಟವಿದೆ. ಆಗಿನ ಡಿಸ್ಕುಗಳಲ್ಲಿ ಒಂದು ಮೆಗಾಬೈಟ್ ಎಂದರೆ ಆಸ್ತಿ. ಹೆಸರುಪಟ್ಟಿಯನ್ನು ಹೊತ್ತು ತಿರುಗುವ ಪ್ರೋಗ್ರಾಮು ದುಂದುಗಾರ.

ಈಗ ಡಿಸ್ಕು ಅಗ್ಗವಾಗಿದೆ, ಅಭ್ಯಾಸ ಮಾತ್ರ ಹಾಗೇ ಉಳಿದಿದೆ. ಅಭ್ಯಾಸಕ್ಕೆ ಕೊಡುವ ಕಾರಣಗಳಲ್ಲಿ ಒಂದಂತೂ ಪೂರಾ ಸುಳ್ಳು: ಸ್ಟ್ರಿಪ್ ಮಾಡಿದರೆ ಪ್ರೋಗ್ರಾಮು ವೇಗವಾಗಿ ಓಡುತ್ತದೆ ಎನ್ನುವುದು. ಡಿಬಗ್ ಭಾಗಗಳನ್ನು ಪ್ರೋಗ್ರಾಮು ಓಡುವಾಗ ಮೆಮೊರಿಗೆ ತುಂಬಿಕೊಳ್ಳುವುದೇ ಇಲ್ಲ. ಅವು ಫೈಲಿನಲ್ಲಿ ತಮ್ಮ ಪಾಡಿಗೆ ಮಲಗಿರುತ್ತವೆ. ಇಂಜಿನಿಯರಿಂಗ್ ಕಾಲೇಜು ಮುಗಿಸಿದ ಎಷ್ಟೋ ಮಕ್ಕಳು ಈ ನಂಬಿಕೆಯನ್ನು ಹೊತ್ತುಕೊಂಡೇ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹಾಗೆಯೇ, ಎಲ್ಲ ಹೆಸರನ್ನೂ ಕಳಚಲು ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಒಂದು ಪ್ರೋಗ್ರಾಮು ಇನ್ನೊಂದು ಲೈಬ್ರರಿಯ ಫಂಕ್ಷನ್ನನ್ನು ಓಡುವ ಹೊತ್ತಿಗೆ ಹುಡುಕಿಕೊಳ್ಳುವುದು ಹೆಸರಿನಿಂದಲೇ. ಆ ಹೆಸರುಗಳಿಗೆ ಬೇರೆಯೇ ಪಟ್ಟಿ ಇದೆ, ಸ್ಟ್ರಿಪ್ ಅದನ್ನು ಮುಟ್ಟುವುದಿಲ್ಲ. ಲಿನಕ್ಸ್ ಕರ್ನೆಲ್ಲಿನ ಮಾಡ್ಯೂಲೊಂದರಿಂದ ಎಲ್ಲ ಸಿಂಬಲ್‌ಗಳನ್ನೂ ಕಿತ್ತರೆ ಅದನ್ನು ಕರ್ನೆಲ್ ಒಳಕ್ಕೆ ಸೇರಿಸುವುದೇ ಇಲ್ಲ. ಹೆಸರುಗಳೆಂದರೆ ಮನುಷ್ಯರ ಅನುಕೂಲಕ್ಕೆ ಅಂಟಿಸಿದ ಚೀಟಿಗಳು, ಯಂತ್ರಕ್ಕೂ ಅವಕ್ಕೂ ಸಂಬಂಧವಿಲ್ಲ ಎಂದು ಬೀಸುಮಾತು ಆಡುವವರು ಇದನ್ನು ಮರೆಯುತ್ತಾರೆ.

ಹೆಸರಿನ ಬೆಲೆ ತಿಳಿಯುವುದು ಪ್ರೋಗ್ರಾಮು ಬಿದ್ದಾಗ. ಶಿರೂರಿನ ಯಾರದೋ ಫೋನಿನಲ್ಲಿ ಒಂದು ಆ್ಯಪ್ ತೆರೆದ ತಕ್ಷಣ ಮುಚ್ಚಿಹೋಗುತ್ತದೆ ಎನ್ನೋಣ. ಫೋನು ಆ ಗಳಿಗೆಯ ಒಂದು ವರದಿಯನ್ನು ಆ್ಯಪ್ ಮಾಡಿದವರಿಗೆ ಕಳಿಸುತ್ತದೆ. ಸ್ಟ್ರಿಪ್ ಮಾಡಿದ ಆ್ಯಪ್ ಆದರೆ ಆ ವರದಿಯಲ್ಲಿರುವುದು ಹತ್ತಿಪ್ಪತ್ತು ವಿಳಾಸಗಳು, ಅಂಕಿಗಳ ಸಾಲು. ಹೆಸರುಪಟ್ಟಿ ಜೊತೆಗಿದ್ದರೆ ಅದೇ ಅಂಕಿಗಳು, ಬಡ್ಡಿ ಲೆಕ್ಕದ ಫೈಲಿನ 212ನೇ ಸಾಲಿನಲ್ಲಿ ಖಾಲಿ ಜಾಗವನ್ನು ಓದಲು ಹೋಗಿ ಬಿದ್ದಿತು ಎಂಬ ವಾಕ್ಯವಾಗುತ್ತವೆ. ಮೊದಲನೆಯದರಿಂದ ದೋಷ ಹುಡುಕಲು ವಾರಗಳೇ ಬೇಕಾದಾವು, ಎರಡನೆಯದಕ್ಕೆ ಒಂದು ಬೆಳಗ್ಗೆ ಸಾಕಾದೀತು. ಈ ವ್ಯವಹಾರ ನಮಗೆ ದೂರದ್ದೇನೂ ಅಲ್ಲ. 1996ರಲ್ಲಿ ಉಡುಪಿಯಲ್ಲಿ ಹುಟ್ಟಿದ ರೋಬೋಸಾಫ್ಟ್ ಮ್ಯಾಕ್ ಕಂಪ್ಯೂಟರುಗಳಿಗೆ ತಂತ್ರಾಂಶ ಮಾಡುತ್ತಾ ಮುಂದೆ ಫೋನುಗಳ ಆ್ಯಪ್‌ಗಳಿಗೆ ಬಂತು; ಅದೇ ಊರಿನ 99ಗೇಮ್ಸ್‌ನ ಸ್ಟಾರ್ ಶೆಫ್ ಆಟವನ್ನು ಎಲ್ಲೆಲ್ಲಿಯವರೋ ಆಡುತ್ತಾರೆ. ಆ್ಯಪಲ್ ಕಂಪನಿಯ ಸಲಕರಣೆಗಳಲ್ಲಿ ಬಿಡುಗಡೆಯ ಪ್ರತಿಯಿಂದ ಹೆಸರುಗಳನ್ನು ಕಳಚುವ ಹೊತ್ತಿಗೇ ಅವನ್ನು ಡಿಸಿಮ್ ಎಂಬ ಬೇರೆ ಕಡತಕ್ಕೆ ಎತ್ತಿಡುವ ಏರ್ಪಾಡಿದೆ. ಆಂಡ್ರಾಯ್ಡಿನಲ್ಲಿ ಫಂಕ್ಷನ್ನುಗಳ ಹೆಸರನ್ನು ಎ, ಬಿ, ಸಿ ಎಂದು ಕುಗ್ಗಿಸುವ ಸಲಕರಣೆ ಹಳೆಯ ಹೆಸರು ಹೊಸ ಹೆಸರುಗಳ ಜೋಡಿಪಟ್ಟಿಯೊಂದನ್ನು ಬರೆದುಕೊಡುತ್ತದೆ. ಪಟ್ಟಿ ಕಳೆದರೆ, ಎ ಎಂಬುವನು ಬಿ ಎಂಬುವನನ್ನು ಕರೆದ, ಅವನು ಬಿದ್ದ ಎಂಬ ವರದಿಯನ್ನು ಓದಿಕೊಂಡು ಕೂರಬೇಕು.

ಕಳಚಿದ್ದನ್ನು ಇಟ್ಟುಕೊಂಡರಷ್ಟೇ ಸಾಲದು, ಯಾವ ಪ್ರತಿಯಿಂದ ಕಳಚಿದ್ದು ಎಂಬ ಗುರುತೂ ಬೇಕು. ಈ ಕೆಲಸಕ್ಕೆ ಲಿನಕ್ಸಿನವರು ಕಂಡುಕೊಂಡದ್ದು ಬಿಲ್ಡ್ ಐಡಿ. ಪ್ರೋಗ್ರಾಮು ತಯಾರಾಗುವಾಗ ಅದರ ಒಳಗಿನದನ್ನೇ ಅರೆದು ತೆಗೆದ, ಸಾಮಾನ್ಯವಾಗಿ 20 ಬೈಟುಗಳ ಗುರುತೊಂದನ್ನು ಅದರಲ್ಲೇ ಬರೆಯುತ್ತಾರೆ. ಸ್ಟ್ರಿಪ್ ಆದಮೇಲೂ ಅದು ಅಳಿಯುವುದಿಲ್ಲ. ಎತ್ತಿಟ್ಟ ಡಿಬಗ್ ಕಡತದಲ್ಲೂ ಅದೇ ಗುರುತು. ಎಷ್ಟು ವರ್ಷದ ಮೇಲೆ ಎಲ್ಲಿ ಬಿದ್ದರೂ ಇವೆರಡನ್ನು ಕೂಡಿಸಬಹುದು. ಮೈಕ್ರೋಸಾಫ್ಟಿನ ಪಿಡಿಬಿ ಎಂಬ ಡಿಬಗ್ ಕಡತಗಳ ಕ್ರಮವೂ ಸರಿಸುಮಾರು ಹೀಗೆಯೇ. ಸ್ವಯಂಸೇವಕರು ಕಟ್ಟುವ ಡೆಬಿಯನ್ ಎಂಬ ಲಿನಕ್ಸ್ 2017ರ ಸ್ಟ್ರೆಚ್ ಆವೃತ್ತಿಯ ಹೊತ್ತಿಗೆ ತನ್ನ ಪ್ಯಾಕೇಜುಗಳಿಂದ ಕಳಚಿದ ಹೆಸರುಗಳನ್ನು ತಾನಾಗಿಯೇ ಬೇರೆ ಪ್ಯಾಕೇಜು ಮಾಡಿ ಇಡತೊಡಗಿತ್ತು. 2019ರಲ್ಲಿ ಬಂದ ಡಿಬಗ್‌ಇನ್ಫೋಡಿ ಎಂಬ ಸರ್ವರು ಇನ್ನೂ ಒಂದು ಹೆಜ್ಜೆ ಮುಂದೆ: ದೋಷ ಹುಡುಕುವ ಡಿಬಗರ್ ತನಗೆ ಬೇಕಾದ ಗುರುತನ್ನು ಹೇಳಿದರೆ ಸರ್ವರು ಅದರ ಹೆಸರುಪಟ್ಟಿಯನ್ನು ಕಳಿಸಿಕೊಡುತ್ತದೆ. ಬಳಸುವವನ ಡಿಸ್ಕು ಹಗುರ, ರಿಪೇರಿ ಮಾಡುವವನ ಕೈಗೆ ಪೂರ್ತಿ ವಿವರ. ಇದು ಆಗದ ಕೆಲಸ, ದುಬಾರಿಯ ಕೆಲಸ ಎಂದು ಈಗ ಯಾರೂ ಹೇಳುವಂತಿಲ್ಲ. ಡೆಬಿಯನ್ನಿನ ಸ್ವಯಂಸೇವಕರೇ ಮಾಡಿ ತೋರಿಸಿದ್ದಾರೆ.

ಆದರೂ ಆಕ್ಷೇಪಗಳಿವೆ. ಅವುಗಳಲ್ಲಿ ಹೆಚ್ಚು ಗಟ್ಟಿಯಾಗಿ ಕೇಳುವುದು ಗುಟ್ಟಿನದು. ಹೆಸರುಗಳಿದ್ದರೆ ಕಳ್ಳನಿಗೆ ಮನೆಯ ನಕ್ಷೆ ಕೊಟ್ಟಂತೆ, ಕಳಚಿ ಸುಟ್ಟುಬಿಡುವುದೇ ಕ್ಷೇಮ ಎನ್ನುತ್ತಾರೆ. ಈ ವಾದಕ್ಕೆ ಒಂದು ಪ್ರಸಿದ್ಧ ಸಾಕ್ಷಿಯೂ ಇದೆ. ವಿಂಡೋಸ್ ಎನ್‌ಟಿ 4ರ ಐದನೆಯ ಸರ್ವಿಸ್ ಪ್ಯಾಕನ್ನು ಮೈಕ್ರೋಸಾಫ್ಟ್ ಸಿಂಬಲ್‌ಗಳನ್ನು ಕಳಚದೆಯೇ ಬಿಡುಗಡೆ ಮಾಡಿತು. 1999ರ ಆಗಸ್ಟಿನಲ್ಲಿ ಆಂಡ್ರ್ಯೂ ಫರ್ನಾಂಡಿಸ್ ಎಂಬ ಭದ್ರತಾ ತಜ್ಞ ಅದರೊಳಗೆ ನೋಡಿದಾಗ, ಗುಪ್ತಲಿಪಿಯ ಭಾಗದಲ್ಲಿ ಒಂದು ಕೀಲಿಗೆ ಎನ್‌ಎಸ್‌ಎ ಕೀ ಎಂಬ ಹೆಸರಿತ್ತು. ಅಮೆರಿಕದ ಬೇಹುಗಾರಿಕೆ ಸಂಸ್ಥೆಯ ಹೆಸರು ವಿಂಡೋಸಿನ ಹೊಟ್ಟೆಯಲ್ಲಿ! ಜಗತ್ತಿನ ಪತ್ರಿಕೆಗಳಲ್ಲೆಲ್ಲ ಗುಲ್ಲೆದ್ದಿತು. ಅದು ತನ್ನದೇ ಬದಲಿ ಕೀಲಿ, ರಫ್ತು ನಿಯಮಗಳ ತಾಂತ್ರಿಕ ಪರಿಶೀಲನೆ ಆ ಸಂಸ್ಥೆಯದ್ದಾದ್ದರಿಂದ ಆ ಹೆಸರು ಬಂತು, ಕೀಲಿಯನ್ನು ಯಾರಿಗೂ ಕೊಟ್ಟಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತು. ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆ ಸಂಗತಿ. ಅಲ್ಲಿ ಎರಡು ಕೀಲಿಗಳಿವೆ ಎಂಬುದು ಅದಕ್ಕೂ ಮೊದಲೇ ಬಲ್ಲವರಿಗೆ ಗೊತ್ತಿತ್ತು. ಹೆಸರು ಕಳಚಿದ ಪ್ರತಿಯನ್ನೇ ಕೆದಕಿ ಅವುಗಳನ್ನು ಪತ್ತೆ ಮಾಡಿದ್ದರು. ಹೆಸರಿಲ್ಲದಿದ್ದಾಗ ಎರಡನೆಯ ಕೀಲಿಯ ಬಗ್ಗೆ ಪೇಟೆಯಲ್ಲಿ ಯಾರೂ ಮಾತಾಡಲಿಲ್ಲ, ಅಷ್ಟೆ. ಅಂದಮೇಲೆ ಸ್ಟ್ರಿಪ್ ಮುಚ್ಚುವುದು ಯಾರ ಕಣ್ಣನ್ನು? ಪರಿಣತನಾದ ಕಳ್ಳನದ್ದನ್ನಲ್ಲ, ಸಾಮಾನ್ಯ ಗಿರಾಕಿಯದ್ದನ್ನು. ಕಳ್ಳನ ಬಳಿ ಸಲಕರಣೆಗಳು ಬೇಕಾದಷ್ಟಿವೆ. ಐಡಾ ಎಂಬ ಡಿಸ್‌ಅಸೆಂಬ್ಲರು ಹೆಸರು ಕಳಚಿದ ಪ್ರೋಗ್ರಾಮಿನಲ್ಲೂ ಪರಿಚಿತ ಲೈಬ್ರರಿಯ ಫಂಕ್ಷನ್ನುಗಳನ್ನು ಅವುಗಳ ಸೂಚನೆಗಳ ಚಹರೆಯಿಂದಲೇ ಗುರುತಿಸಿ ಮತ್ತೆ ಹೆಸರಿಡುತ್ತದೆ. 2019ರ ಮಾರ್ಚಿನಲ್ಲಿ ಗಿಡ್ರಾ ಎಂಬ ಇಂಥದೇ ದೊಡ್ಡ ಸಲಕರಣೆ ಪುಕ್ಕಟೆಯಾಗಿ ಎಲ್ಲರಿಗೂ ಸಿಕ್ಕಿತು. ಅದನ್ನು ಕೊಟ್ಟದ್ದು ಬೇರೆ ಯಾರೂ ಅಲ್ಲ, ಅದೇ ಎನ್‌ಎಸ್‌ಎ.

ಹೆಸರು ಹೊರಗೆ ಬಿದ್ದರೆ ಸತ್ಯ ಹೊರಬಿದ್ದಂತೆ ಎಂದೂ ತಿಳಿಯಬೇಕಿಲ್ಲ. 2010ರಲ್ಲಿ ಸಿಕ್ಕಿಬಿದ್ದ ಸ್ಟಕ್ಸ್‌ನೆಟ್ ಎಂಬ ಹುಳು ಇರಾನಿನ ಜೊತೆಗೆ ಇಂಡೋನೇಷ್ಯಾ, ಭಾರತಗಳ ಕಂಪ್ಯೂಟರುಗಳಿಗೂ ಹೊಕ್ಕಿತ್ತು. ಅದನ್ನು ಬರೆದವರು ಎಲ್ಲ ಗುರುತನ್ನೂ ಅಳಿಸಿದರೂ ಒಂದು ಡಿಬಗ್ ಕಡತದ ದಾರಿ ಮಾತ್ರ ಒಳಗೇ ಉಳಿದುಹೋಯಿತು. ಅದರಲ್ಲಿ ಮಿರ್ಟಸ್ ಎಂಬ ಫೋಲ್ಡರು, ಗ್ವಾವಾ ಎಂಬ ಫೈಲು. ಮಿರ್ಟಸ್ ಎಂದರೆ ಬೈಬಲ್ಲಿನ ಎಸ್ತೇರಳ ಹೀಬ್ರೂ ಹೆಸರಿನ ಗಿಡ, ಹಾಗಾಗಿ ಇದು ಇಸ್ರೇಲಿನವರದು ಎಂದರು ಕೆಲವರು. ಅಲ್ಲ, ಅದು ಮೈ ಆರ್‌ಟಿಯುಸ್, ಕಾರ್ಖಾನೆಯ ದೂರನಿಯಂತ್ರಣದ ಡಬ್ಬಿಗಳ ಹೆಸರು ಎಂದರು ಇನ್ನು ಕೆಲವರು. ಗ್ವಾವಾ ಎಂದರೆ ಪೇರಳೆ; ಪೇರಳೆಯೂ ಮಿರ್ಟಸ್ ಗಿಡವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ನಮ್ಮ ನೇರಳೆಯೂ ಆ ಕುಟುಂಬದ್ದೇ. ಯಾರೋ ತೋಟಗಾರಿಕೆಯ ಹುಚ್ಚಿನವನು ಹೆಸರಿಟ್ಟಿರಬಹುದು ಎಂದರೂ ಅಲ್ಲಗಳೆಯುವುದು ಕಷ್ಟ. ಹೆಸರು ಎಂಬುದು ಬರೆದವನ ಮನಸ್ಸಿನ ಒಂದು ಗೀಟು. ಅದನ್ನು ಸರಿಯಾಗಿ ಓದಲು ಪಕ್ಕದಲ್ಲಿ ಇಡೀ ಪಟ್ಟಿ ಬೇಕು. ಒಂಟಿ ಹೆಸರು ಸೋರಿದರೆ ವದಂತಿಗೆ ಆಹಾರ. ಗುಟ್ಟಿನ ವಾದಿಗಳು ಇದನ್ನು ತಮ್ಮ ಪರ ಎಂದುಕೊಳ್ಳಬಹುದು, ಅರ್ಧ ಒಪ್ಪುತ್ತೇನೆ: ಹೊರಗೆ ಹೋಗುವ ಪ್ರತಿಯಿಂದ ಹೆಸರುಗಳನ್ನು ಕಳಚುವುದು ಸರಿ. ಡಿಬಗ್ ಮಾಹಿತಿಯಲ್ಲಿ ಬರೆದವನ ಕಂಪ್ಯೂಟರಿನ ಫೋಲ್ಡರುಗಳು, ಕೆಲವೊಮ್ಮೆ ಅವನ ಲಾಗಿನ್ ಹೆಸರು ಸಹ ಇರುತ್ತವೆ. ಅದು ಊರಿಗೆಲ್ಲ ಹಂಚುವಂಥದ್ದಲ್ಲ. ಸುಡಬೇಕು ಎಂಬ ಉಳಿದರ್ಧಕ್ಕೆ ಮಾತ್ರ ಇದರಿಂದ ಯಾವ ಬಲವೂ ಬರುವುದಿಲ್ಲ.

ಎರಡನೆಯ ಆಕ್ಷೇಪ ಸ್ವಲ್ಪ ನಯವಾದದ್ದು, ಒಳ್ಳೆಯ ಪ್ರೋಗ್ರಾಮರುಗಳ ಬಾಯಿಂದಲೇ ಬರುತ್ತದೆ. ಸೋರ್ಸ್ ಕೋಡ್ ನಮ್ಮಲ್ಲಿದೆಯಲ್ಲ, ಬೇಕಾದಾಗ ಡಿಬಗ್ ಮಾಹಿತಿಯ ಜೊತೆ ಮತ್ತೆ ಕಂಪೈಲ್ ಮಾಡಿಕೊಂಡರಾಯಿತು, ಅಷ್ಟು ದೊಡ್ಡ ಕಡತಗಳನ್ನು ವರ್ಷಗಟ್ಟಲೆ ಯಾಕೆ ಸಾಕಬೇಕು ಎಂದು. ಕೇಳಲು ಸರಿಯಾಗಿದೆ. ಆದರೆ ಮೂರು ವರ್ಷ ಕಳೆದ ಮೇಲೆ ಅದೇ ಸೋರ್ಸಿನಿಂದ ಅದೇ ಪ್ರೋಗ್ರಾಮು ಹುಟ್ಟುತ್ತದೆ ಎಂಬ ಖಾತ್ರಿ ಎಲ್ಲಿದೆ? ಅಷ್ಟರಲ್ಲಿ ಕಂಪೈಲರಿನ ಆವೃತ್ತಿ ಬದಲಾಗಿರುತ್ತದೆ, ಲೈಬ್ರರಿಗಳು ಬದಲಾಗಿರುತ್ತವೆ, ಎಷ್ಟೋ ಪ್ರೋಗ್ರಾಮುಗಳು ತಾವು ತಯಾರಾದ ದಿನಾಂಕವನ್ನೇ ಒಳಗೆ ಬರೆದುಕೊಳ್ಳುತ್ತವೆ. ವಿಳಾಸಗಳು ನಾಲ್ಕೇ ನಾಲ್ಕು ಬೈಟು ಸರಿದರೂ ಸಾಕು, ಹಳೆಯ ವರದಿಯ ಅಂಕಿಗಳು ಹೊಸ ಪಟ್ಟಿಯಲ್ಲಿ ಪಕ್ಕದ ಸಾಲನ್ನೋ ಪಕ್ಕದ ಫಂಕ್ಷನ್ನನ್ನೋ ತೋರಿಸಬಹುದು. ಅಂಕೋಲಾದ ಶಿರೂರಿಗೆ ಕಳಿಸಬೇಕಾದ ಜೆಸಿಬಿಯನ್ನು ಬೈಂದೂರಿನ ಶಿರೂರಿಗೆ ಕಳಿಸಿದ ಹಾಗೆ. ಹೆಸರೂ ಸರಿ, ಹೆದ್ದಾರಿಯೂ ಸರಿ, ಊರು ಮಾತ್ರ ಬೇರೆ. ಪಟ್ಟಿಯೇ ಇಲ್ಲದಿರುವುದಕ್ಕಿಂತ ತಪ್ಪು ಪಟ್ಟಿ ಅಪಾಯ, ಯಾಕೆಂದರೆ ಅದು ಧೈರ್ಯವಾಗಿ ಸುಳ್ಳು ಹೇಳುತ್ತದೆ. ಒಂದೇ ಸೋರ್ಸಿನಿಂದ ಒಂದೊಂದು ಬೈಟೂ ತಾಳೆಯಾಗುವಂತೆ ಪ್ರೋಗ್ರಾಮು ಕಟ್ಟುವ ಶಿಸ್ತನ್ನು ಡೆಬಿಯನ್ನಿನವರು ವರ್ಷಗಳಿಂದ ರೂಢಿಸುತ್ತಿದ್ದಾರೆ. ಆ ಶಿಸ್ತು ಇದ್ದವರು ಈ ಆಕ್ಷೇಪ ಎತ್ತಲಿ, ಕೇಳೋಣ. ಅವರು ಎತ್ತುವುದಿಲ್ಲ, ಅವರ ಬಳಿ ಪಟ್ಟಿ ಹೇಗೂ ಇರುತ್ತದೆ.

ಕನ್ನಡದವರಿಗೆ ಈ ನಷ್ಟದ ರುಚಿ ಬೇರೆ ದಾರಿಯಿಂದ ಮೊದಲೇ ಸಿಕ್ಕಿದೆ. ಫಾಂಟ್ ಎಂಬುದೂ ಒಂದು ಬಗೆಯ ಕಂಪೈಲ್ ಆದ ಫೈಲು. ಅದರೊಳಗಿನ ಪ್ರತಿ ಆಕೃತಿಗೂ ಹೆಸರಿಡುವುದಕ್ಕೆ ಟ್ರೂಟೈಪ್ ಫಾಂಟುಗಳಲ್ಲಿ ಪೋಸ್ಟ್ ಎಂಬ ಕೋಷ್ಟಕವಿದೆ. ಜಾಗ ಉಳಿಸಲು ಆ ಹೆಸರುಗಳನ್ನು ಪೂರ್ತಿ ಬಿಟ್ಟುಬಿಡುವ ರೂಪವೂ ಅದಕ್ಕಿದೆ. ಪಿಡಿಎಫ್ ಮಾಡುವಾಗ ಬೇಕಾದ ಆಕೃತಿಗಳನ್ನಷ್ಟೇ ಆರಿಸಿ ಒಳಗಿಡುತ್ತಾರೆ, ಪುಟದಲ್ಲಿ ಬರೆದಿರುವುದು 37ನೆಯ ಆಕೃತಿ, 112ನೆಯ ಆಕೃತಿ ಎಂದು. ಯಾವ ಅಂಕಿ ಯಾವ ಅಕ್ಷರ ಎಂಬ ಪಟ್ಟಿಯನ್ನು ಜೊತೆಗಿಟ್ಟರೆ ಪಿಡಿಎಫ್‌ನಲ್ಲಿ ಹುಡುಕಬಹುದು, ನಕಲು ಮಾಡಬಹುದು. ಇಡದಿದ್ದರೆ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಂಕಿ. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರವಾದ್ದರಿಂದ ಊಹಿಸಿಯಾದರೂ ಬಿಡಬಹುದು. ನಮ್ಮಲ್ಲಿ ಸ್ತ್ರೀ ಎಂಬ ಒಂದು ಅಕ್ಷರಕ್ಕೆ ಎಷ್ಟು ಆಕೃತಿಗಳು ಕೂಡುತ್ತವೆ, ಯಾವ ಒತ್ತು ಯಾವುದರ ಅಡಿಗೆ ಎಂಬುದನ್ನು ಅಂಕಿಗಳಿಂದ ಊಹಿಸುವುದು ಸಣ್ಣ ಕೆಲಸವಲ್ಲ. ಸರ್ಕಾರಿ ಸುತ್ತೋಲೆಯಿಂದ ಒಂದು ಸಾಲು ನಕಲು ಮಾಡಿ ಅಂಟಿಸಿದಾಗ ಬರುವ ಕಲಸುಮೇಲೋಗರ ಇದರದೇ ಫಲ, ಇಲ್ಲವೇ ಯೂನಿಕೋಡಿಗೆ ಮುಂಚಿನ ಸಂಕೇತಗಳದ್ದು. ಮಂಗಳೂರಿನ ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಸೇಡಿಯಾಪು, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲ ಇಂಗ್ಲಿಷಿನ ಸಂಕೇತಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿ ಕೆಲಸ ಮಾಡಿದ ಕಾಲದವು. ನುಡಿ, ಬರಹಗಳಲ್ಲಿ ಬರೆದ ಲಕ್ಷಾಂತರ ಪುಟಗಳು ಇವತ್ತು ಯೂನಿಕೋಡಿಗೆ ಬರುತ್ತಿವೆ ಎಂದರೆ ಆ ಸಂಕೇತಪಟ್ಟಿಗಳು ಬಲ್ಲವರ ಕೈಯಲ್ಲಿ ಉಳಿದವು ಎಂದರ್ಥ. ಹೆಸರೇ ಕೇಳದ ಡಿಟಿಪಿ ಪ್ಯಾಕೇಜುಗಳಲ್ಲಿ ಕೂರಿಸಿದ ಪುಸ್ತಕಗಳನ್ನು, ಪ್ರೆಸ್ಸಿನವರನ್ನು ಕೇಳಿನೋಡಿ, ಮತ್ತೆ ಮೊದಲಿನಿಂದ ಟೈಪು ಮಾಡಿಸುತ್ತಾರೆ.

ಇನ್ನು ಜನರ ದುಡ್ಡಿನ ಮಾತು. ಶಿರೂರಿನ ಅಳ್ವೆಗದ್ದೆಯಿಂದ ಗಂಗೊಳ್ಳಿಯವರೆಗೆ ಕಡಲಿಗೆ ಇಳಿಯುವ ದೋಣಿಗಳಿಗೆ ಈಗ ಒಂದು ಹೊಸ ಡಬ್ಬಿ ಬರುತ್ತಿದೆ. ಮಲ್ಪೆಯಿಂದ ಏಳು ಮಂದಿಯನ್ನು ಹೊತ್ತು ಹೋದ ಸುವರ್ಣ ತ್ರಿಭುಜ ಎಂಬ ದೋಣಿ 2018ರ ಡಿಸೆಂಬರಿನಲ್ಲಿ ಕಾಣೆಯಾಗಿ, ಅದರ ಅವಶೇಷ ಮಾಲ್ವಣದ ಬಳಿ ಕಡಲ ತಳದಲ್ಲಿ ಸಿಗುವಾಗ 2019ರ ಮೇ ತಿಂಗಳು ಬಂದಿತ್ತು. ದೋಣಿ ಎಲ್ಲಿದೆ ಎಂದು ದಡಕ್ಕೆ ತಿಳಿಸುವ ಸಲಕರಣೆ ಯಾಕೆ ಬೇಕು ಎಂದು ಇಲ್ಲಿಯ ಮೊಗವೀರರಿಗೂ ಖಾರ್ವಿಗಳಿಗೂ ಯಾರೂ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 30ರಂದು ಪಾಲ್ಘರಿನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಯೋಜನೆಯಲ್ಲಿ 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ದೋಣಿಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಹಾಕುವ ಗುರಿಯಿದೆ. ನೆಟ್‌ವರ್ಕ್ ಸಿಗದ ಕಡಲಿನಿಂದಲೂ ಉಪಗ್ರಹದ ಮೂಲಕ ಸಂದೇಶ ಕಳಿಸಬಲ್ಲ ಡಬ್ಬಿ ಅದು. ಇಂಥ ಯಾವ ಡಬ್ಬಿಯ ಒಳಗೂ ಇರುವುದು ಚಿಕ್ಕ ಪ್ರೊಸೆಸರು, ಚಿಕ್ಕ ಮೆಮೊರಿ. ಹೆಸರುಗಳಿಗೆ ಅಲ್ಲಿ ಜಾಗವಿಲ್ಲ, ಕಳಚಲೇಬೇಕು. ಉಪ್ಪುಗಾಳಿಯಲ್ಲಿ ಆರು ವರ್ಷ ತೂಗಾಡಿದ ಡಬ್ಬಿಯೊಂದು ಸಂದೇಶ ಕಳಿಸುವ ಹೊತ್ತಿನಲ್ಲೇ ನಿಂತುಹೋದರೆ, ಅದರ ಮೆಮೊರಿಯಿಂದ ತೆಗೆಯಬಹುದಾದದ್ದು ಕೆಲವು ವಿಳಾಸಗಳು ಮಾತ್ರ. ಆ ಪ್ರತಿಯ ಹೆಸರುಪಟ್ಟಿ ಆಗ ಯಾರ ಬಳಿ ಇರುತ್ತದೆ?

ತಯಾರಕರ ಬಳಿ ಎಂದು ಸಲೀಸಾಗಿ ಹೇಳಬಹುದು, ಅವರು ಇನ್ನೂ ಅದೇ ವ್ಯವಹಾರದಲ್ಲಿದ್ದರೆ. ಗುತ್ತಿಗೆ ಮುಗಿದಿರುತ್ತದೆ, ಬರೆದ ಹುಡುಗ ಕಂಪನಿ ಬಿಟ್ಟಿರುತ್ತಾನೆ, ಕಡತಗಳಿದ್ದ ಸರ್ವರಿನ ಬಾಡಿಗೆ ಕಟ್ಟಿರುವುದಿಲ್ಲ. ಸರ್ಕಾರಿ ಖರೀದಿಯಲ್ಲಿ ಸೋರ್ಸ್ ಕೋಡ್ ಒಪ್ಪಿಸಬೇಕೆಂಬ ಷರತ್ತನ್ನು ಕೇಳುವವರಿದ್ದಾರೆ. ಕಂಪನಿಗಳು ಅದು ತಮ್ಮ ಬಂಡವಾಳ ಎಂದು ಹಿಂಜರಿಯುತ್ತವೆ, ಆ ಜಗಳ ಬೇಗ ಮುಗಿಯುವುದೂ ಅಲ್ಲ. ಡಿಬಗ್ ಕಡತಗಳನ್ನು ಕೇಳುವುದು ಅಷ್ಟು ದೊಡ್ಡ ಬೇಡಿಕೆಯಲ್ಲ. ಅದರಲ್ಲಿ ಹೆಸರು, ಸಾಲಿನ ಸಂಖ್ಯೆ, ವಿಳಾಸ ಇರುತ್ತವೆ, ಸೋರ್ಸಿನ ಒಕ್ಕಣೆ ಇರುವುದಿಲ್ಲ. ಹಾಗೆಂದು ಅದರಿಂದ ಏನೂ ಬಯಲಾಗುವುದಿಲ್ಲ ಎಂದಲ್ಲ. ಬಲ್ಲವನು ಹೆಸರುಗಳಿಂದ ಪ್ರೋಗ್ರಾಮಿನ ಕಟ್ಟೋಣವನ್ನು ಬಹಳಷ್ಟು ಊಹಿಸಬಲ್ಲ. ಅದಕ್ಕಾಗಿಯೇ ಅದನ್ನು ಬಹಿರಂಗ ಮಾಡಿ ಎನ್ನುತ್ತಿಲ್ಲ, ಮೊಹರು ಹಾಕಿ ಖರೀದಿ ಮಾಡಿದ ಇಲಾಖೆಯ ಬಳಿ ಒಂದು ಪ್ರತಿ ಇಡಿ ಎನ್ನುತ್ತಿದ್ದೇನೆ. ಡಬ್ಬಿಗೆ ಹಾಕುವ ಪ್ರತಿ ಆವೃತ್ತಿಗೆ ಒಂದು ಕಡತ, ಅದರ ಮೇಲೆ ಡಬ್ಬಿಯೊಳಗಿರುವುದೇ ಬಿಲ್ಡ್ ಐಡಿ, ತೆರೆದವರು ಯಾರು ಯಾವಾಗ ಎಂಬುದಕ್ಕೆ ಒಂದು ರಿಜಿಸ್ಟರು. ಟೆಂಡರಿನ ನೂರಾರು ಪುಟಗಳಲ್ಲಿ ಡಬ್ಬಿಯ ಬಣ್ಣ ಯಾವುದು, ಸ್ಕ್ರೂ ತುಕ್ಕು ಹಿಡಿಯಬಾರದು ಎಂಬುದಕ್ಕೆಲ್ಲ ಜಾಗವಿರುತ್ತದೆ. ಒಳಗಿನ ಹೆಸರುಗಳನ್ನು ಯಾರು, ಎಷ್ಟು ವರ್ಷ, ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಷರತ್ತಿಗೆ ಎರಡು ಸಾಲು ಸಾಕು, ಮತ್ತು ಅದನ್ನು ಬರೆಯಬೇಕಾದ್ದು ಗುತ್ತಿಗೆಗೆ ಸಹಿ ಬೀಳುವ ಮುಂಚೆ. ಆಮೇಲೆ ಕೇಳಿದರೆ ಕಂಪನಿ ಅದಕ್ಕೆ ಬೇರೆ ಬಿಲ್ಲು ಮಾಡುತ್ತದೆ, ಇಲ್ಲವೇ ಪಟ್ಟಿ ಅಳಿಸಿಹೋಗಿದೆ ಎನ್ನುತ್ತದೆ.